ಆಟದ ಡಬ್ಬಿ ವೇದಿಕೆ ಹತ್ತಿದ ಕತೆ

ಜಾತ್ರೆಯ ಆರ್ಕೆಸ್ಟ್ರಾ ಮುಗಿದ ಮಾರನೇ ದಿನ ಹೋಟೆಲ್ ಮುಂದೆ ಒಂದು ಮಾತು ಬಂದೇ ಬರುತ್ತದೆ: "ಅವ್ರೇನ್ ನುಡಿಸಿದ್ರು ಬಿಡ್ರಿ, ಎಲ್ಲಾ ಟ್ರ್ಯಾಕ್ ಹಾಕಿದ್ದು." ಪೆನ್‌ಡ್ರೈವ್‌ನಲ್ಲಿ ತಂದ ಸಂಗೀತಕ್ಕೆ ಬಾಯಾಡಿಸಿದರೆ ಅದು ಕಾರ್ಯಕ್ರಮವೇ? ಯಂತ್ರವೇ ನುಡಿಸುವುದಾದರೆ ವೇದಿಕೆ ಮೇಲಿರುವ ಮನುಷ್ಯನಿಗೆ ಏನು ಕೆಲಸ?

ಈ ಪ್ರಶ್ನೆ ನಮ್ಮೂರಿನದು ಮಾತ್ರ ಅಲ್ಲ. ಮಕ್ಕಳ ಆಟದ ಡಬ್ಬಿಯೊಂದನ್ನು ಅಂಗೈಯಲ್ಲಿ ಹಿಡಿದು ಜನರ ಮುಂದೆ ನಿಂತ ಕೆಲವು ಸಂಗೀತಗಾರರಿಗೂ ಇದೇ ಪ್ರಶ್ನೆ ಎದುರಾಯಿತು. ಅವರು ಉತ್ತರವನ್ನು ಮಾತಿನಲ್ಲಿ ಕೊಡಲಿಲ್ಲ, ಹೆಬ್ಬೆರಳಿನಲ್ಲಿ ಕೊಟ್ಟರು.

16 ಮನೆಗಳ ಸಾಲು

ಮೊದಲು ಸೀಕ್ವೆನ್ಸರ್ ಅಂದರೆ ಏನು ಅಂತ ನೋಡೋಣ. ಸ್ವರಗಳನ್ನು ಸಾಲಾಗಿ ತುಂಬಿಟ್ಟರೆ ಆ ಸಾಲನ್ನು ಸುತ್ತು ಸುತ್ತಾಗಿ ನುಡಿಸುವ ಯಂತ್ರ ಅದು. ಸಾಮಾನ್ಯವಾಗಿ ಒಂದು ಸುತ್ತಿಗೆ 16 ಮನೆ. ಆದಿತಾಳದ 8 ಎಣಿಕೆಯನ್ನು ಎರಡೆರಡಾಗಿ ಒಡೆದರೆ 16 ಆಗುತ್ತದಲ್ಲ, ಹಾಗೆ. ಯಾವ ಮನೆಯಲ್ಲಿ ಡ್ರಮ್ ಬೀಳಬೇಕು, ಯಾವುದರಲ್ಲಿ ಸ್ವರ, ಯಾವುದು ಖಾಲಿ ಅಂತ ನೀವೇ ತುಂಬಬೇಕು. ಹದಿನಾರನೇ ಮನೆ ಮುಗಿದರೆ ಮತ್ತೆ ಮೊದಲನೆಯದಕ್ಕೆ ಬರುತ್ತದೆ.

ಟ್ರ್ಯಾಕ್‌ಗೂ ಇದಕ್ಕೂ ಒಂದೇ ಒಂದು ದೊಡ್ಡ ವ್ಯತ್ಯಾಸ. ಟ್ರ್ಯಾಕ್ ಮೊದಲೇ ಧ್ವನಿಮುದ್ರಣವಾಗಿ ಮುಗಿದಿರುತ್ತದೆ. ಸೀಕ್ವೆನ್ಸರ್‌ನಲ್ಲಿ ಸಾಲು ಓಡುತ್ತಿರುವಾಗಲೇ ಮನೆಗಳನ್ನು ಬದಲಾಯಿಸಬಹುದು. ಮುಂದಿನ ಕತೆಯೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ನಮ್ಮ ದೇಶಕ್ಕೂ ಈ ಕತೆಯಲ್ಲಿ ಪಾಲಿದೆ. 1981ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಟಿಬಿ-303 ಎಂಬ ಪುಟ್ಟ ಸೀಕ್ವೆನ್ಸರ್ ತಂದಿತು. ಒಬ್ಬನೇ ಕೂತು ಅಭ್ಯಾಸ ಮಾಡುವ ಗಿಟಾರ್ ವಾದಕನಿಗೆ ಬಾಸ್ ಜೊತೆ ಕೊಡಲಿ ಎಂದು ಮಾಡಿದ ಯಂತ್ರ. ಮಾರಾಟವಾಗಲಿಲ್ಲ, 1984ಕ್ಕೆ ನಿಂತೇ ಹೋಯಿತು. ಆದರೆ 1982ರಲ್ಲೇ ಮುಂಬೈನ ಸಿನಿಮಾ ವಾದಕ ಚರಣ್‌ಜಿತ್ ಸಿಂಗ್ ಆ ಯಂತ್ರದ ಜೊತೆಗೆ ಟಿಆರ್-808 ಡ್ರಮ್ ಯಂತ್ರ ಮತ್ತು ಜೂಪಿಟರ್-8 ಸಿಂಥಸೈಜರ್ ಸೇರಿಸಿ, ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ರೆಕಾರ್ಡ್ ಮಾಡಿದರು. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಮತ್ತೆ ಬಿಡುಗಡೆಯಾದಾಗ ಯುರೋಪಿನ ಡ್ಯಾನ್ಸ್ ಸಂಗೀತದವರು ಬೆರಗಾದರು. ಕಂಪನಿ ಯಾವುದಕ್ಕೋ ಮಾಡಿದ ಯಂತ್ರವನ್ನು ಬೇರೆ ಯಾವುದಕ್ಕೋ ಹಚ್ಚುವುದು ಈ ಕತೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಟಿಬಿ-303 ಮೇಜಿನ ಮೇಲಿಡುವ ಯಂತ್ರ. 1990ರಲ್ಲಿ ಯಮಾಹಾ ಕಂಪನಿ ವಿಡಿಯೋ ಕ್ಯಾಸೆಟ್ ಗಾತ್ರದ ಕ್ಯೂವೈ10 ಸೀಕ್ವೆನ್ಸರ್ ತಂದಾಗ ಸಂಗೀತ ಕೈಗೆ ಬಂತು. ಆದರೆ ವೇದಿಕೆಯಲ್ಲಿ ಹೆಸರು ಮಾಡಿದ್ದು ಸಂಗೀತಕ್ಕೆಂದು ಮಾಡದ ಇನ್ನೊಂದು ಡಬ್ಬಿ.

ನಾಲ್ಕು ದನಿ, ಎಂಟು ಒತ್ತು

ಜಾತ್ರೆಯ ಅಂಗಡಿಯಲ್ಲಿ ಸಿಗುತ್ತಿದ್ದ, ಇಟ್ಟಿಗೆ ಜೋಡಿಸುವ ಆಟದ ಕೈ ವಿಡಿಯೋಗೇಮ್ ನೆನಪಿದೆಯೇ? ಆ ಇಟ್ಟಿಗೆ ಆಟದ ಮೂಲ ಟೆಟ್ರಿಸ್. ಅದನ್ನು ಜಗತ್ತಿನ ಮೂಲೆಮೂಲೆಗೆ ಮುಟ್ಟಿಸಿದ್ದು 1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತಂದ ಗೇಮ್ ಬಾಯ್. ಇದನ್ನು ರೂಪಿಸಿದ ತಂಡದ ಮುಖ್ಯಸ್ಥ ಗುನ್‌ಪೆಯ್ ಯೊಕೊಯ್. ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನೇ ಹೊಸ ರೀತಿಯಲ್ಲಿ ಬಳಸಬೇಕು ಎನ್ನುವುದು ಅವರ ನೀತಿ. ಹಾಗಾಗಿ ಪರದೆಗೆ ಬಣ್ಣ ಇರಲಿಲ್ಲ, ಬೆಳಕೂ ಇರಲಿಲ್ಲ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಗಂಟೆಗಟ್ಟಲೆ ಓಡುತ್ತಿತ್ತು. ಇದರ ಬಣ್ಣದ ಮಾದರಿಯೂ ಸೇರಿ ಸುಮಾರು 11.8 ಕೋಟಿ ಮಾರಾಟವಾದವು.

ಅದರೊಳಗಿನ ಧ್ವನಿ ವ್ಯವಸ್ಥೆಗೆ ಇದ್ದದ್ದು ನಾಲ್ಕೇ ದನಿ. ಎರಡು ಪೀಪಿಯಂಥ ದನಿಗಳು, ಅಲೆಯ ಆಕಾರವನ್ನು ನಾವೇ ಬರೆಯಬಹುದಾದ ಮೂರನೆಯದು, 'ಶ್' ಎನ್ನುವ ಗದ್ದಲದ ನಾಲ್ಕನೆಯದು. ಒಂದು ದನಿಯಿಂದ ಒಂದು ಹೊತ್ತಿಗೆ ಒಂದೇ ಸ್ವರ. ಕೈಗೆ ಸಿಗುವುದು ನಾಲ್ಕು ದಿಕ್ಕಿನ ಒತ್ತುಗಳು ಮತ್ತು ಎ, ಬಿ, ಸ್ಟಾರ್ಟ್, ಸೆಲೆಕ್ಟ್, ಅಷ್ಟೆ.

1998ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಲೆ ಓದುತ್ತಿದ್ದ ಒಲಿವರ್ ವಿಟ್‌ಶೋ ಈ ಡಬ್ಬಿಗೆ ನ್ಯಾನೋಲೂಪ್ ಎಂಬ ಸೀಕ್ವೆನ್ಸರ್ ಬರೆದರು. 16 ಮನೆಗಳನ್ನು ನಾಲ್ಕು ನಾಲ್ಕರ ಚೌಕದಲ್ಲಿ ಜೋಡಿಸಿದ ಸರಳ ಪ್ರೋಗ್ರಾಂ. 2000ದಲ್ಲಿ ಸ್ವೀಡನ್ನಿನ ಯೋಹಾನ್ ಕೊಟ್ಲಿನ್‌ಸ್ಕಿ 'ಲಿಟಲ್ ಸೌಂಡ್ ಡಿಜೆ' ಬರೆದರು. ಇವೆರಡನ್ನೂ ಮಾಡಿಸಿದ್ದು ನಿಂಟೆಂಡೊ ಅಲ್ಲ. ಇಬ್ಬರು ತಮ್ಮ ಆಸೆಗೆ ಬರೆದುಕೊಂಡದ್ದು.

ಕೊಟ್ಲಿನ್‌ಸ್ಕಿಯ ಪ್ರೋಗ್ರಾಂನಲ್ಲಿ ಹಾಡು ಕಟ್ಟುವ ಬಗೆ ಹೂ ಕಟ್ಟಿದ ಹಾಗೆ. 16 ಮನೆಯ ಒಂದು ಸಾಲು, ಅಂಥ ಕೆಲವು ಸಾಲು ಸೇರಿ ಒಂದು ಸರಪಳಿ, ಸರಪಳಿಗಳು ಸೇರಿ ಹಾಡು. ನಾಲ್ಕು ದನಿಗೆ ನಾಲ್ಕು ಕಂಬ. ಇದು ಮನೆಯಲ್ಲಿ ಕೂತು ಮಾಡುವ ಕೆಲಸ. ವೇದಿಕೆಯ ಕೆಲಸವೇ ಬೇರೆ.

ವೇದಿಕೆಯ ಮೇಲಿನ ಕೈಚಳಕ

ಮೊದಲನೆಯದು ಸರದಿಗೆ ಹಚ್ಚುವುದು. ಈ ಪ್ರೋಗ್ರಾಂನಲ್ಲಿ ಲೈವ್ ಎಂಬ ವಿಧಾನವೇ ಇದೆ. ಅದರಲ್ಲಿ ಹಾಡು ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಪ್ರತಿ ದನಿಯೂ ತನ್ನ ಸರಪಳಿಯಲ್ಲೇ ಸುತ್ತುತ್ತಿರುತ್ತದೆ. ನೀವು ಇನ್ನೊಂದು ಸರಪಳಿಯ ಮೇಲೆ ಒತ್ತಿದರೆ ಅದು ತಕ್ಷಣ ನುಗ್ಗುವುದಿಲ್ಲ, ಓಡುತ್ತಿರುವ ಸುತ್ತು ಮುಗಿಯುವ ತನಕ ಕಾದು ಸಮಕ್ಕೆ ಸರಿಯಾಗಿ ಸೇರಿಕೊಳ್ಳುತ್ತದೆ. ತಾಳ ತಪ್ಪದಂತೆ ನೋಡಿಕೊಳ್ಳುವುದು ಯಂತ್ರ. ಯಾವುದನ್ನು, ಯಾವ ಸುತ್ತಿಗೆ ಎಂದು ಹೇಳುವುದು ಮನುಷ್ಯ. ಜನ ಕುಣಿಯುತ್ತಿದ್ದರೆ ಅದೇ ಸುತ್ತನ್ನು ಇನ್ನೆಂಟು ಸಲ ಓಡಿಸಬಹುದು, ಬೇಸತ್ತರೆ ಮುಂದಕ್ಕೆ ಹೋಗಬಹುದು.

ಎರಡನೆಯದು ಸುಮ್ಮನಾಗಿಸುವುದು. ಎರಡು ಒತ್ತುಗಳನ್ನು ಕೂಡಿಸಿ ಒತ್ತಿದರೆ ಒಂದು ದನಿ ನಿಲ್ಲುತ್ತದೆ, ಇನ್ನೊಂದು ಜೋಡಿಗೆ ಅದೊಂದು ಬಿಟ್ಟು ಉಳಿದೆಲ್ಲ ನಿಲ್ಲುತ್ತವೆ. ಇರುವುದೇ ನಾಲ್ಕು ದನಿ ಆದ್ದರಿಂದ ಬಾಸ್ ನಿಂತರೆ ಇಡೀ ಸಭಾಂಗಣಕ್ಕೆ ಗೊತ್ತಾಗುತ್ತದೆ. ಎರಡು ಸುತ್ತು ತಡೆದು ಮತ್ತೆ ಬಿಟ್ಟರೆ ಜನರ ಕಾಲು ತಾನಾಗಿ ಏಳುತ್ತದೆ. ಹೊಸ ಸ್ವರ ಒಂದನ್ನೂ ಸೇರಿಸದೆ, ಬರೀ ತೆಗೆದು ಕೊಡುವುದರಿಂದಲೇ ಆಗುವ ಕೆಲಸ ಇದು.

ಮೂರನೆಯದು ಒಂದು ದನಿಯನ್ನು ಮೂರಾಗಿ ಕಾಣಿಸುವುದು. ಮೂರು ಸ್ವರ ಒಟ್ಟಿಗೆ ನುಡಿಸಲು ದನಿ ಸಾಲದು. ಆದ್ದರಿಂದ ಆ ಮೂರನ್ನೂ ಒಂದರ ಹಿಂದೊಂದು ಅತಿ ವೇಗವಾಗಿ ತಿರುಗಿಸುತ್ತಾರೆ. ಕಿವಿ ಅದನ್ನು ಒಂದೇ ಗುಚ್ಛವಾಗಿ ಕೇಳಿಸಿಕೊಳ್ಳುತ್ತದೆ. ಈ ಸಂಗೀತದ ಗುರುತೇ ಆದ ಗುಳುಗುಳು ಸದ್ದು ಬಂದದ್ದು ಹೀಗೆ, ಬಡತನ ಮರೆಸಲು ಹೂಡಿದ ಉಪಾಯದಿಂದ.

ನಾಲ್ಕನೆಯದು ಜೋಡಿ ಡಬ್ಬಿ. ಇಬ್ಬರು ಎದುರುಬದುರು ಕೂತು ಆಡಲು ಗೇಮ್ ಬಾಯ್‌ಗೆ ಒಂದು ತಂತಿ ಬರುತ್ತಿತ್ತು. ಅದೇ ತಂತಿಯಿಂದ ಎರಡು ಡಬ್ಬಿಗಳನ್ನು ಒಂದೇ ಲಯಕ್ಕೆ ಕಟ್ಟಬಹುದು. ಒಂದು ಮುಂದಾಳು, ಇನ್ನೊಂದು ಹಿಂಬಾಲಕ. ನಾಲ್ಕು ದನಿ ಎಂಟಾಗುತ್ತದೆ. ಒಂದು ಕೈಯಲ್ಲಿ ತಾಳ ನಡೆಸುತ್ತ ಇನ್ನೊಂದರಲ್ಲಿ ಮುಂದಿನದನ್ನು ಸಿದ್ಧ ಮಾಡಿಕೊಳ್ಳಬಹುದು.

ಇಷ್ಟಕ್ಕೂ ಡಬ್ಬಿಯನ್ನು ಬಿಚ್ಚಬೇಕಾಗುತ್ತಿತ್ತು. ಒಳಗಿನ ಆಂಪ್ಲಿಫೈಯರ್ ಸದ್ದಿಗೆ ಗೊರಗೊರ ಸೇರಿಸುತ್ತದೆಂದು, ಅದಕ್ಕೂ ಮುಂಚೆಯೇ ತಂತಿ ಬೆಸೆದು ಸದ್ದನ್ನು ಹೊರಗೆ ತಂದರು. ಕತ್ತಲೆ ವೇದಿಕೆಯಲ್ಲಿ ಪರದೆ ಕಾಣದೆಂದು ಹಿಂದೆ ಪುಟ್ಟ ದೀಪ ಕೂರಿಸಿದರು. 1989ರ ದಪ್ಪ ಮಾದರಿಯ ಬಾಸ್ ಗಟ್ಟಿ ಎಂದು ಹಳೆಯ ಡಬ್ಬಿಗೇ ಬೇಡಿಕೆ ಬಂತು.

ಉಳಿದದ್ದು, ಅಳಿಸಿದ್ದು

2003ರಲ್ಲಿ, ಹಿಂದೆ ಸೆಕ್ಸ್ ಪಿಸ್ಟಲ್ಸ್ ತಂಡವನ್ನು ನಡೆಸಿದ್ದ ಮಾಲ್ಕಮ್ ಮೆಕ್ಲಾರೆನ್ ವೈರ್ಡ್ ಪತ್ರಿಕೆಯಲ್ಲಿ ಈ ಸಂಗೀತವನ್ನು ಪಂಕ್‌ನ ಮುಂದಿನ ಕವಲೆಂದು ಕೊಂಡಾಡಿದರು. ನ್ಯೂಯಾರ್ಕಿನಲ್ಲಿ ನಲ್‌ಸ್ಲೀಪ್, ಬಿಟ್ ಶಿಫ್ಟರ್ ಎಂಬ ಹೆಸರುಗಳಲ್ಲಿ ನುಡಿಸುತ್ತಿದ್ದವರು ಗೇಮ್ ಬಾಯ್ ಹಿಡಿದೇ ಸಭೆ ತುಂಬಿಸಿದರು. 2006ರಲ್ಲಿ ಅಲ್ಲಿ ಬ್ಲಿಪ್ ಉತ್ಸವ ಶುರುವಾಯಿತು. ಪ್ರಶ್ನೆ ಮಾತ್ರ ಬೆನ್ನು ಬಿಡಲಿಲ್ಲ. ಸ್ಟಾರ್ಟ್ ಒತ್ತಿ, ಮುಗಿಯುವ ತನಕ ಕುಣಿದರೂ ನೋಡುವವರಿಗೆ ಹಾಗೇ ಕಾಣುತ್ತದೆ. ಹೆಬ್ಬೆರಳು ಏನು ಮಾಡುತ್ತಿದೆ ಎಂದು ಕೊನೆಯ ಸಾಲಿನವನಿಗೆ ತಿಳಿಯುವುದಿಲ್ಲ. ಆದರೆ ಕಿವಿಗೆ ತಿಳಿಯುತ್ತದೆ. ಸುತ್ತು ಜನರಿಗಾಗಿ ಕಾದರೆ, ಅಲ್ಲಿ ಒಬ್ಬ ಮನುಷ್ಯ ಇದ್ದಾನೆ ಎಂದರ್ಥ.

ಇನ್ನೊಂದು ಕಷ್ಟ ಇತ್ತು. ಬರೆದ ಹಾಡುಗಳು ಉಳಿಯುವುದು ಕಾರ್ಟ್ರಿಡ್ಜ್ ಒಳಗಿನ ಗುಂಡಿಯಂಥ ಬ್ಯಾಟರಿಯ ಬಲದಿಂದ. ಆ ಬ್ಯಾಟರಿ ಸತ್ತರೆ ಹಾಡುಗಳೂ ಹೋದವು. ನಕಲು ತೆಗೆದಿಡದವರ ಎಷ್ಟೋ ತಿಂಗಳ ದುಡಿಮೆ ಹೀಗೆ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಧ್ವನಿಮುದ್ರಣವೂ ಇರದಿದ್ದರೆ, ಕೇಳಿದವರ ನೆನಪು ಬಿಟ್ಟು ಏನೂ ಉಳಿಯುವುದಿಲ್ಲ.

2015ರಲ್ಲಿ ಸ್ವೀಡನ್ನಿನ ಟೀನೇಜ್ ಎಂಜಿನಿಯರಿಂಗ್ ಕಂಪನಿ ಕ್ಯಾಲ್ಕುಲೇಟರ್‌ನಂತೆ ಕಾಣುವ ಪಾಕೆಟ್ ಆಪರೇಟರ್‌ಗಳನ್ನು ತಂದಿತು. ಅವುಗಳಲ್ಲೂ ಅದೇ 16 ಮನೆ, ತಂತಿಯಿಂದ ಒಂದನ್ನೊಂದು ಕಟ್ಟುವ ಅದೇ ಜಾಣ್ಮೆ. ನ್ಯಾನೋಲೂಪ್ ಈಗ ಆಂಡ್ರಾಯ್ಡ್ ಫೋನಿಗೂ ಬಂದಿದೆ. ಅಂದರೆ ನೀವು ಇದನ್ನು ಓದುತ್ತಿರುವ ಫೋನಿನಲ್ಲೂ ಇದೇ ಕೆಲಸ ಸಾಧ್ಯ. ಯಾವುದಾದರೂ ಸೀಕ್ವೆನ್ಸರ್ ಆ್ಯಪ್ ತೆರೆದು 1, 5, 9, 13ನೇ ಮನೆಗಳಿಗೆ ಡ್ರಮ್ ಹಾಕಿ. ಬೇರೆ ಸಾಲಿನಲ್ಲಿ ಒಂದೆರಡು ಬಾಸ್ ಸ್ವರ ಇಡಿ. ನಾಲ್ಕು ಸುತ್ತು ಓಡಲಿ. ಐದನೇ ಸುತ್ತಿಗೆ ಡ್ರಮ್ ನಿಲ್ಲಿಸಿ, ಪಕ್ಕದಲ್ಲಿ ಕೂತವರ ಮುಖ ನೋಡುತ್ತಾ ಮತ್ತೆ ಯಾವಾಗ ಬಿಡಬೇಕೆಂದು ನೀವೇ ತೀರ್ಮಾನಿಸಿ.