ಹೆದೆ ಸಡಿಲಿಸಿದ ಬಿಲ್ಲು

ಭಟ್ಕಳದಿಂದ ಹೊನ್ನಾವರ, ಕುಮಟೆಯವರೆಗಿನ ನಮ್ಮ ಕರಾವಳಿಯಲ್ಲಿ ‘ಇಂದು ರಾತ್ರಿ ಆಟವಿದೆ’ ಎಂದು ಯಾರಾದರೂ ಹೇಳಿದರೆ, ಪ್ರಿಯ ವಾಚಕರೇ, ಯಾವ ಆಟವೆಂದು ನೀವು ಕೇಳುವುದಿಲ್ಲ. ಯಕ್ಷಗಾನವನ್ನು ನಮ್ಮ ಹಿರಿಯರು ಕರೆದದ್ದೇ ಹಾಗೆ. ಕೊಯಿಲು ಮುಗಿಸಿದ ರೈತನಿಗೆ, ದೋಣಿಯನ್ನು ದಡಕ್ಕೆಳೆದ ಮೀನುಗಾರನಿಗೆ ಅದು ಆಟವೇ ಸರಿ. ಆದರೆ ಆಟವನ್ನೇ ಉದ್ಯೋಗವಾಗಿಸಿಕೊಂಡ ಕಲಾವಿದನು ದಣಿದಾಗ, ಅಥವಾ ತನ್ನ ಪಾತ್ರದ ತೊಡಕೊಂದು ಬಿಡಿಸಲಾರದೆ ನಿಂತಾಗ, ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆಗೆ ನಮ್ಮ ಮಳೆಗಾಲವು ಒಂದು ಉತ್ತರವನ್ನು ಕೊಟ್ಟಿದೆ. ಹೊನ್ನಾವರ ತಾಲೂಕಿನಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದ ಕಾಲದಲ್ಲಿ, ಬಯಲಾಟವು ಒಣಹವೆಯ ತಿಂಗಳುಗಳನ್ನೇ ನಂಬಿಕೊಂಡಿತ್ತು. ಜೂನ್ ತಿಂಗಳ ಮೊದಲ ಮಳೆ ಬಿದ್ದೊಡನೆ ಬಯಲು ಕೆಸರಾಗುತ್ತದೆ. ಕಿರೀಟ, ಭುಜಕೀರ್ತಿಗಳು ಪೆಟ್ಟಿಗೆ ಸೇರುತ್ತವೆ. ಆಗ ಮನೆಯ ಜಗಲಿಯಲ್ಲಿ, ದೇವಸ್ಥಾನದ ಚಾವಡಿಯಲ್ಲಿ ತಾಳಮದ್ದಳೆ ಆರಂಭವಾಗುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಮದ್ದಳೆಯ ನುಡಿತ, ಎದುರುಬದುರಾಗಿ ಕುಳಿತ ಅರ್ಥಧಾರಿಗಳ ಮಾತು, ಇಷ್ಟೇ.

ಯಕ್ಷಗಾನದ ಪ್ರಸಂಗ ಪುಸ್ತಕದಲ್ಲಿ ಪದ್ಯಗಳಿರುತ್ತವೆಯೇ ಹೊರತು ಸಂಭಾಷಣೆ ಇರುವುದಿಲ್ಲ ಎಂಬುದನ್ನು ನೀವು ಬಲ್ಲಿರಿ. ಮಾತನ್ನು ಕಲಾವಿದನೇ ಆ ಕ್ಷಣದಲ್ಲಿ ಹುಟ್ಟಿಸಬೇಕು. ವಾಲಿವಧೆಯಲ್ಲಿ, ಬಾಣ ತಗುಲಿ ಬಿದ್ದ ವಾಲಿಯು ‘ಮರೆಯಲ್ಲಿ ನಿಂತು ಹೊಡೆದುದು ಯಾವ ಧರ್ಮ?’ ಎಂದು ಕೇಳಿದಾಗ ರಾಮನ ಪಾತ್ರಧಾರಿಯು ಏನು ಹೇಳಬೇಕು? ರಂಗಸ್ಥಳದಲ್ಲಾದರೆ ಕುಣಿತವಿದೆ, ಚಂಡೆಯಿದೆ, ಮುಂದಿನ ಪದ್ಯದ ಅವಸರವಿದೆ, ಹೇಗೋ ಪಾರಾಗಬಹುದು. ಜಗಲಿಯ ಮೇಲೆ ಆ ಆಸರೆಗಳಿಲ್ಲ. ಎದುರಿಗೆ ಕುಳಿತವನು ಶಾಲಾ ಮಾಸ್ತರನಿರಬಹುದು, ಅಡಿಕೆ ತೋಟದವನಿರಬಹುದು, ವಕೀಲನಿರಬಹುದು. ವೃತ್ತಿಯವನು ಎಂದೂ ನಿರೀಕ್ಷಿಸದ ಪ್ರಶ್ನೆಯನ್ನು ಆ ಹವ್ಯಾಸಿಯು ನಗುತ್ತಲೇ ಎಸೆಯುತ್ತಾನೆ. ಸೋತರೆ ಮೇಳಕ್ಕೆ ನಷ್ಟವಿಲ್ಲವಾದ್ದರಿಂದ ಧೈರ್ಯವಾಗಿ ಹೊಸ ಉತ್ತರವೊಂದನ್ನು ಪ್ರಯತ್ನಿಸಬಹುದು. ಹೀಗೆ ಮಳೆಯ ಸದ್ದಿನಲ್ಲಿ ಹೊಳೆದ ಮಾತು ದೀಪಾವಳಿಯ ನಂತರ ವೇಷ ತೊಟ್ಟು ರಂಗಕ್ಕೆ ಬರುತ್ತದೆ. ರಂಗಸ್ಥಳದಲ್ಲಿ ಹೆಸರಾದ ಕೆರೆಮನೆ ಶಂಭು ಹೆಗಡೆಯವರು (1938–2009) ಅರ್ಥಧಾರಿಯಾಗಿಯೂ ಮನ್ನಣೆ ಪಡೆದಿದ್ದರು. ವಾದಕ್ಕಾಗಿಯೇ ವಾದ ಬೆಳೆದು, ರಾಮಾಯಣವೇ ಮರೆತುಹೋಗುವ ರಾತ್ರಿಗಳೂ ಉಂಟೆನ್ನಿ.

ಈ ತಿಳಿವಳಿಕೆ ನಮ್ಮ ಧರ್ಮಸಭೆಯ ಪರಂಪರೆಗೂ ಹೊಸದಲ್ಲ. ಪ್ರೇಷಿತ ಸಂತ ಯೊವಾನ್ನರು ಕೌಜುಗವೊಂದನ್ನು ನೇವರಿಸುತ್ತಾ ಕುಳಿತಿದ್ದಾಗ ಬೇಟೆಗಾರನೊಬ್ಬನು ಅಚ್ಚರಿಪಟ್ಟನೆಂದೂ, ‘ನಿನ್ನ ಬಿಲ್ಲಿನ ಹೆದೆಯನ್ನು ಸದಾ ಏರಿಸಿಯೇ ಇಡುವುದಿಲ್ಲವೇಕೆ?’ ಎಂದು ಅವರು ಮರುಪ್ರಶ್ನಿಸಿದರೆಂದೂ ಐದನೆಯ ಶತಮಾನದ ಜಾನ್ ಕ್ಯಾಸಿಯನ್ ಬರೆದಿದ್ದಾರೆ. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಾಸ್ ಅಕ್ವಿನಾಸರು ಬಿಲ್ಲಿನ ಈ ಕಥೆಯನ್ನು ಆಧಾರವಾಗಿಟ್ಟುಕೊಂಡು, ಆಟವು ಮನಸ್ಸಿಗೆ ವಿಶ್ರಾಂತಿಯೆಂದು ವಾದಿಸಿದರು. ಅಷ್ಟಕ್ಕೇ ನಿಲ್ಲದೆ, ಆಟವನ್ನೇ ಅರಿಯದೆ ಇತರರಿಗೂ ಹೊರೆಯಾಗಿರುವುದು ಒಂದು ದೋಷವೆಂದೂ ಹೇಳಿದರು. ಮಕ್ಕಳು ಅಂಗಳಕ್ಕಿಳಿದರೆ ಗದರುವ ತಂದೆತಾಯಿಯರು ಈ ಮಾತನ್ನು ಗಮನಿಸಬೇಕೆಂದು ನನ್ನ ಬಿನ್ನಹ.

ಬಿಲ್ಲಿಗೆ ವಿಶ್ರಾಂತಿ ಸಿಕ್ಕಿತು, ಸರಿ. ಆದರೆ ಪರಿಹಾರವೂ ಏಕೆ ಹೊಳೆಯುತ್ತದೆ? ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕಾರೆಯವರು ತಮ್ಮ ಅನುಭವವನ್ನು 1908ರಲ್ಲಿ ವಿವರಿಸಿದ್ದಾರೆ. ಬಹುಕಾಲ ಕಾಡಿದ ಲೆಕ್ಕವನ್ನು ಬದಿಗಿಟ್ಟು ಅವರು ಪ್ರವಾಸವೊಂದಕ್ಕೆ ಹೊರಟಿದ್ದರು. ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲೇ ಉತ್ತರ ಹೊಳೆಯಿತು. ಆದರೆ ಮೊದಲು ಪಟ್ಟುಹಿಡಿದು ದುಡಿಯದವನಿಗೆ ಇಂಥ ಹೊಳಹು ಬಾರದೆಂದು ಅವರೇ ಒತ್ತಿಹೇಳಿದ್ದಾರೆ. ಜಗಲಿಯ ಅರ್ಥಧಾರಿಯೂ ಹಾಗೆಯೇ. ಪ್ರಸಂಗವನ್ನು ಬಾಯಿಪಾಠ ಮಾಡದೆ ಬಂದವನಿಗೆ ಮಳೆಗಾಲವು ಏನನ್ನೂ ಕೊಡುವುದಿಲ್ಲ.

ಇನ್ನೊಂದು ನಿದರ್ಶನ ನಮ್ಮ ಕಡಲಿನದೇ. ಬೆಂಗಳೂರಿನಲ್ಲಿ ನೆಲೆಸುವ ಮೊದಲು ಸಿ. ವಿ. ರಾಮನ್ ಅವರು ಕಲ್ಕತ್ತೆಯಲ್ಲಿ ಪ್ರಾಧ್ಯಾಪಕರಾಗಿದ್ದರು. 1921ರಲ್ಲಿ ಆಕ್ಸ್‌ಫರ್ಡ್‌ನ ವಿಶ್ವವಿದ್ಯಾಲಯ ಸಮ್ಮೇಳನಕ್ಕೆ ಹೋದಾಗ, ಲಂಡನ್ನಿನ ಸಂತ ಪೌಲರ ಮಹಾದೇವಾಲಯದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಅವರು ಧ್ವನಿಯ ಪ್ರಯೋಗಗಳನ್ನು ಮಾಡಿದರು. ಮರುವರ್ಷದ ಬರಹದಲ್ಲಿ ನಮ್ಮ ವಿಜಾಪುರದ ಗೋಲಗುಮ್ಮಟವನ್ನೂ ಸೇರಿಸಿಕೊಂಡರು. ಹಿಂದಿರುಗುವಾಗ ‘ನರ್ಕುಂಡಾ’ ಹಡಗಿನ ಮೇಲೆ ಮಾಡಲು ಕೆಲಸವಿರಲಿಲ್ಲ. ಕಡಲು ನೀಲಿಯಾಗಿ ಕಾಣುವುದು ಆಕಾಶದ ಪ್ರತಿಬಿಂಬದಿಂದ ಎಂದು ಲಾರ್ಡ್ ರೇಲೆಯವರು ಹೇಳಿದ್ದರು. ರಾಮನ್ ಅವರು ತಮ್ಮೊಡನಿದ್ದ ಪುಟ್ಟ ನಿಕೋಲ್ ಪಟ್ಟಕದ ಮೂಲಕ ನೋಡಿ, ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು ತಡೆದರು. ಕಡಲು ಮಂಕಾಗಲಿಲ್ಲ, ಅದರ ನೀಲಿ ಇನ್ನೂ ಗಾಢವಾಯಿತು. ಬೆಳಕನ್ನು ಚದುರಿಸುವುದು ನೀರಿನ ಅಣುಗಳೇ ಎಂದು ಅವರಿಗೆ ಮನವರಿಕೆಯಾಯಿತು. ಹಡಗು ಸೆಪ್ಟೆಂಬರ್‌ನಲ್ಲಿ ಅರಬ್ಬೀ ಸಮುದ್ರವನ್ನು ದಾಟಿ ಮುಂಬಯಿಯನ್ನು ಸೇರಿದಾಗ, ಬಂದರಿನಿಂದಲೇ ‘ನೇಚರ್’ ಪತ್ರಿಕೆಗೆ ಬರೆದು ಕಳುಹಿಸಿದರು.

ಕಲ್ಕತ್ತೆಗೆ ಮರಳಿದ ಮೇಲೆ ಆರು ವರ್ಷಗಳಿಗೂ ಮಿಕ್ಕಿದ ಪರಿಶ್ರಮ ಬೇಕಾಯಿತು. ಕೆ. ಎಸ್. ಕೃಷ್ಣನ್ ಅವರೊಡನೆ ದ್ರವಗಳನ್ನು ಒಂದೊಂದಾಗಿ ಪರೀಕ್ಷಿಸಿ, 1928ರ ಫೆಬ್ರುವರಿ 28ರಂದು ರಾಮನ್ ಪರಿಣಾಮವನ್ನು ಕಂಡರು. 1930ರಲ್ಲಿ ಸ್ಟಾಕ್‌ಹೋಮಿನಲ್ಲಿ ನೊಬೆಲ್ ಉಪನ್ಯಾಸ ನೀಡುವಾಗ ಅವರು ನೆನೆದದ್ದು, ಹಡಗಿನಿಂದ ಕಂಡ ಆ ಮೆಡಿಟರೇನಿಯನ್ ಕಡಲಿನ ನೀಲಿಯನ್ನು.