ರಾಣಿಖೇತ್‌ನಿಂದ ನಮ್ಮ ಹಿತ್ತಲಿಗೆ: ಕೋಳಿ ಲಸಿಕೆಯ ಕಥೆ

ಬೆಳಿಗ್ಗೆ ಗೂಡು ತೆಗೆದರೆ ಒಂದು ಹೇಂಟೆ ತೂಕಡಿಸುತ್ತಾ ಕೂತಿರುತ್ತದೆ. ಹಿಕ್ಕೆ ಹಸಿರಾಗಿರುತ್ತದೆ. ಮರುದಿನ ಇನ್ನೆರಡು ಬಾಯಿ ತೆರೆದು ಉಸಿರೆಳೆಯುತ್ತವೆ, ಒಂದರ ಕತ್ತು ತಿರುಚಿಕೊಳ್ಳುತ್ತದೆ. ವಾರದೊಳಗೆ ಗೂಡು ಖಾಲಿ. ನಾಟಿ ಕೋಳಿ ಸಾಕಿದ ಮನೆಯಲ್ಲಿ ಇದನ್ನು ನೋಡದವರು ಕಡಿಮೆ. ನಾವು ಕೊಕ್ಕರೆ ರೋಗ ಅನ್ನುತ್ತೇವೆ. ಪಶು ಆಸ್ಪತ್ರೆಯಲ್ಲಿ ಇದರ ಹೆಸರು ರಾಣಿಖೇತ್ ರೋಗ.

ರಾಣಿಖೇತ್ ಅನ್ನುವುದು ಒಂದು ಊರು. ಈಗಿನ ಉತ್ತರಾಖಂಡದ ಕುಮಾವೂಂ ಬೆಟ್ಟಗಳಲ್ಲಿದೆ. 1926ರಲ್ಲಿ ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನಲ್ಲೂ ಕೋಳಿಗಳು ಹೀಗೇ ಸತ್ತವು. ಹಾಗಾಗಿ ಹೊರದೇಶಗಳಲ್ಲಿ ಇದು ನ್ಯೂಕ್ಯಾಸಲ್ ರೋಗ. ಒಂದೆರಡು ವರ್ಷದೊಳಗೆ ರಾಣಿಖೇತ್‌ನಲ್ಲೂ ಕಾಣಿಸಿತು. ಅದೇ ಬೆಟ್ಟಸೀಮೆಯ ಮುಕ್ತೇಶ್ವರದ ಸಂಶೋಧನಾ ಸಂಸ್ಥೆಯಲ್ಲಿದ್ದ ಎಡ್ವರ್ಡ್ಸ್ ಅದನ್ನು ವರದಿ ಮಾಡಿದರು. ಆ ಊರಿನ ಹೆಸರೇ ನಮ್ಮ ದೇಶದಲ್ಲಿ ಉಳಿಯಿತು.

ಈ ಸಂಸ್ಥೆ 1889ರಲ್ಲಿ ಪುಣೆಯಲ್ಲಿ ಶುರುವಾಗಿ, 1893ರಲ್ಲಿ ಮುಕ್ತೇಶ್ವರಕ್ಕೆ ಹೋಗಿತ್ತು. ದನಗಳ ದೊಡ್ಡರೋಗ ಅದರ ಮುಖ್ಯ ಕೆಲಸ. ಕೋಳಿ ರೋಗಕ್ಕೂ 1940ರ ದಶಕದಲ್ಲಿ ಅಲ್ಲೇ ಲಸಿಕೆ ಸಿದ್ಧವಾಯಿತು. ರೋಗದ ವೈರಸ್ಸನ್ನು ಕಾವಿನ ಮೊಟ್ಟೆಗಳಲ್ಲಿ ಮತ್ತೆ ಮತ್ತೆ ಬೆಳೆಸಿ, ಅದರ ಬಲ ಕುಗ್ಗಿಸಿದರು. ಆದರೂ ಅದು ಎಳೆ ಮರಿಗಳು ತಡೆಯುವಷ್ಟು ಮೆದುವಾಗಲಿಲ್ಲ. ಅದಕ್ಕೇ ಆ ಲಸಿಕೆಯನ್ನು ಇಂದಿಗೂ ಆರೆಂಟು ವಾರ ದಾಟಿದ ಕೋಳಿಗೆ ಮಾತ್ರ ಹಾಕುತ್ತಾರೆ. ಎಳೆ ಮರಿಗೆ ಇನ್ನೂ ಸೌಮ್ಯವಾದ ಬೇರೆ ಲಸಿಕೆಗಳು ಬಂದವು.

ದೊಡ್ಡರೋಗ 2011ರಲ್ಲಿ ಇಡೀ ಜಗತ್ತಿನಿಂದಲೇ ತೊಲಗಿತು. ಕೋಳಿಯ ರೋಗ ಮಾತ್ರ ಹಿತ್ತಲಲ್ಲೇ ಇದೆ. ಲಸಿಕೆ ಬಂದು ಎಪ್ಪತ್ತು ವರ್ಷದ ಮೇಲಾದರೂ ಯಾಕೆ ಹೀಗೆ?

ಒಂದು ಕಾರಣ, ಕೋಳಿಯಲ್ಲಿ ಲಸಿಕೆಯ ಶಕ್ತಿ ಬಹಳ ಕಾಲ ನಿಲ್ಲುವುದಿಲ್ಲ. ಹೊಸ ಮರಿಗಳೂ ಹುಟ್ಟುತ್ತಲೇ ಇರುತ್ತವೆ. ಇನ್ನೊಂದು, ಲಸಿಕೆಯ ಬಾಟಲಿ ದೊಡ್ಡ ಫಾರಂಗಳ ಲೆಕ್ಕದಲ್ಲಿ ಬರುತ್ತದೆ. ಒಂದರಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಾಗುವಷ್ಟು ಇರುತ್ತದೆ. ಐಸ್‌ನಲ್ಲೇ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿ ಸಾಕಿದ ಅಜ್ಜಿ ಇದನ್ನು ಒಬ್ಬಳೇ ತಂದು ಏನು ಮಾಡಿಯಾಳು? ಹಸು ಸತ್ತರೆ ಊರೇ ಸೇರುತ್ತದೆ, ಕೋಳಿ ಸತ್ತರೆ ಲೆಕ್ಕಕ್ಕಿಲ್ಲ. ಆದರೆ ಹೆಂಗಸರ ಕೈಖರ್ಚು ಎಷ್ಟೋ ಮನೆಗಳಲ್ಲಿ ಆ ಮೊಟ್ಟೆಯಿಂದಲೇ ನಡೆಯುತ್ತದೆ.

ಈ ತೊಡಕನ್ನು ಬಿಡಿಸಲು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪೀಟರ್ ಸ್ಪ್ರಾಡ್‌ಬ್ರೋ ಮತ್ತು ಜೊತೆಗಾರರು ಬಿಸಿಲು ತಾಳಬಲ್ಲ ಲಸಿಕೆ ರೂಪಿಸಿದರು. ಮೊಜಾಂಬಿಕ್, ತಾಂಜಾನಿಯಾದ ಹಳ್ಳಿಗಳಲ್ಲಿ ತರಬೇತಿ ಪಡೆದ ಊರಿನವರೇ ಮನೆ ಮನೆಗೆ ಹೋಗಿ ನಾಲ್ಕು ತಿಂಗಳಿಗೊಮ್ಮೆ ಕೋಳಿಯ ಕಣ್ಣಿಗೆ ಒಂದು ಹನಿ ಹಾಕುತ್ತಾರೆ. ಊರು ಸೇರಿ ಮಾಡಿದ್ದರಿಂದ ಅದು ನಡೆಯಿತು.

ಅದನ್ನು ನಾವೂ ಮಾಡಬಹುದು. ನಿಮ್ಮ ಬೀದಿಯ ಹತ್ತು ಮನೆ ಸೇರಿದರೆ ನೂರು ಕೋಳಿ ಆಗುತ್ತವೆ. ಪಶು ಆಸ್ಪತ್ರೆಯಲ್ಲಿ ಮಾತಾಡಿ ಒಂದು ದಿನ ಗೊತ್ತು ಮಾಡಿ. ಕೋಳಿಗಳನ್ನು ಹೊರಗೆ ಬಿಡುವ ಮೊದಲೇ, ನಸುಕಿನಲ್ಲಿ ಹಾಕಿಸಿ. ಮರಿಗೆ ಐದರಿಂದ ಏಳು ದಿನಕ್ಕೆ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರಕ್ಕೆ ಚುಚ್ಚುಮದ್ದು. ಬೆಳೆದ ಕೋಳಿಗಾದರೆ ವಾರದ ಮೊದಲೇ ಜಂತುಹುಳದ ಔಷಧ ಕೊಡಿ. ಹುಳ ತುಂಬಿ ಸೊರಗಿದ ಕೋಳಿಗೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ.

ರೋಗ ಬಂದ ಮೇಲೆ ಇದಕ್ಕೆ ಮದ್ದಿಲ್ಲ. ಆಗ ಉಳಿದ ಕೋಳಿಗಳನ್ನು ಸಂತೆಗೆ ಒಯ್ದರೆ, ನೆಂಟರ ಮನೆಗೆ ಕಳಿಸಿದರೆ ರೋಗವೂ ಜೊತೆಗೇ ಹೋಗುತ್ತದೆ. ಸತ್ತದ್ದನ್ನು ಸುಣ್ಣ ಹಾಕಿ ಆಳಕ್ಕೆ ಹೂಳಿ. ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಬೇರೆ ಮಂಕರಿಯಲ್ಲಿಡಿ.