ಆರ್ಚಿಯ ಊರಿಗೆ ಹೆಣಗಳು ನಡೆದು ಬಂದವು

ಕೆಂಪು ಕೂದಲ ಆರ್ಚಿ, ಅವನಿಗಾಗಿ ಪೈಪೋಟಿ ನಡೆಸುವ ಬೆಟ್ಟಿ ಮತ್ತು ವೆರೋನಿಕಾ, ಸದಾ ತಿಂಡಿಯ ಧ್ಯಾನದಲ್ಲಿರುವ ಜಗ್‌ಹೆಡ್– ಬೆಂಗಳೂರಿನ ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಇಂಗ್ಲಿಷ್ ಕಾಮಿಕ್ಸ್ ತಡಕಿದವರಿಗೆ ಇವರು ಹೊಸಬರಲ್ಲ. 1941ರಲ್ಲಿ ಹುಟ್ಟಿದ ಆರ್ಚಿಗೆ ವಯಸ್ಸಾಗಲಿಲ್ಲ. ಪ್ರೇಮದ ಪೇಚಾಟಕ್ಕಿಂತ ದೊಡ್ಡ ಕಷ್ಟ ಬಂದದ್ದೂ ಅಪರೂಪ. ಅಂಥವನನ್ನು ಅವನ ಪ್ರಕಾಶಕರೇ 2013ರಲ್ಲಿ ಜೋಂಬಿಗಳ, ಅಂದರೆ ನಡೆದಾಡುವ ಹೆಣಗಳ, ನಡುವೆ ನಿಲ್ಲಿಸಿದರು. ಆ ಕಾಮಿಕ್ಸ್‌ನ ಹೆಸರು ‘ಆಫ್ಟರ್‌ಲೈಫ್ ವಿತ್ ಆರ್ಚಿ’.

ಇದರಲ್ಲಿರುವ ವ್ಯಂಗ್ಯ ತಿಳಿಯಲು 1954ಕ್ಕೆ ಹೋಗಬೇಕು. ಭಯಾನಕ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿದೆ ಎಂದು ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಎಬ್ಬಿಸಿದ ಕೂಗು ಅಮೆರಿಕದ ಸೆನೆಟ್ ಸಮಿತಿಯ ವಿಚಾರಣೆಯವರೆಗೂ ಹೋಯಿತು. ಸರ್ಕಾರ ಕೈಹಾಕುವ ಮುನ್ನ ತಾವೇ ಬೇಲಿ ಕಟ್ಟಿಕೊಳ್ಳೋಣವೆಂದು ಪ್ರಕಾಶಕರು ‘ಕಾಮಿಕ್ಸ್ ಕೋಡ್’ ರೂಪಿಸಿದರು. ನಡೆದಾಡುವ ಹೆಣಗಳು ನಿಷಿದ್ಧವಾದವು. ಶೀರ್ಷಿಕೆಯಲ್ಲಿ ‘ಹಾರರ್’ ಎಂಬ ಪದವೂ ಕೂಡದು. ಈ ಸಂಘದ ಅಧ್ಯಕ್ಷರಾಗಿದ್ದವರು ಜಾನ್ ಗೋಲ್ಡ್‌ವಾಟರ್. ಆರ್ಚಿ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು! ಭಯಾನಕ ಕತೆಗಳಿಗೆ ಹೆಸರಾಗಿದ್ದ ಇ.ಸಿ. ಕಾಮಿಕ್ಸ್‌ನ ಅಂಥ ಪತ್ರಿಕೆಗಳು ನಿಂತವು, ಆರ್ಚಿಯ ಅಂಗಡಿ ನಡೆಯಿತು. ನೀತಿಯೂ ವ್ಯಾಪಾರವೂ ಒಂದೇ ದಾರಿಯಲ್ಲಿ ಸಿಕ್ಕಿದರೆ ಯಾರಿಗೆ ಬೇಡ?

1971ರಲ್ಲಿ ನಿಯಮ ಸಡಿಲವಾಯಿತು. ಡ್ರಾಕುಲಾ, ಫ್ರಾಂಕೆನ್‌ಸ್ಟೈನ್‌ನಂಥ ಶಾಲೆಗಳಲ್ಲಿ ಓದುವ ಸಾಹಿತ್ಯದ ಜಾಡಿನಲ್ಲಿದ್ದರೆ ರಕ್ತ ಹೀರುವ ಭೂತಗಳಿಗೆ ಪ್ರವೇಶ ಸಿಕ್ಕಿತು. ಅಂಥ ಕುಲಗೋತ್ರವಿಲ್ಲದ ಜೋಂಬಿ ಮಾತ್ರ ಹೊರಗೇ ಉಳಿಯಿತು. ಕೊನೆಗೆ 2011ರಲ್ಲಿ ಡಿ.ಸಿ. ಮತ್ತು ಆರ್ಚಿ ಸಂಸ್ಥೆಗಳು ಕೈಬಿಟ್ಟ ಮೇಲೆ ಕೋಡ್‌ಗೆ ಯಾರೂ ಉಳಿಯಲಿಲ್ಲ.

ಇನ್ನು ಲೇಖಕ ರಾಬರ್ಟೊ ಅಗಿರೆ ಸಕಾಸ. ಆರ್ಚಿಯನ್ನು ಬೆಳೆದ ಸಲಿಂಗಪ್ರೇಮಿಯಾಗಿ ಚಿತ್ರಿಸಿದ ಅವರ ನಾಟಕಕ್ಕೆ 2003ರಲ್ಲಿ ಇದೇ ಸಂಸ್ಥೆ ಕಾನೂನಿನ ಬೆದರಿಕೆ ಒಡ್ಡಿತ್ತು. ಪಾತ್ರಗಳ ಹೆಸರು ಬದಲಿಸಿ ಆಡಬೇಕಾಯಿತು. ಅವರನ್ನೇ 2014ರಲ್ಲಿ ಸಂಸ್ಥೆ ತನ್ನ ಸೃಜನಶೀಲ ವಿಭಾಗದ ಮುಖ್ಯಸ್ಥರನ್ನಾಗಿ ಮಾಡಿಕೊಂಡಿತು.

ಕತೆ ಶುರುವಾಗುವುದು ಒಂದು ನಾಯಿಯಿಂದ. ರೆಜಿಯ ಕಾರಿಗೆ ಸಿಕ್ಕು ಸತ್ತ ತನ್ನ ‘ಹಾಟ್ ಡಾಗ್’ನನ್ನು ಎತ್ತಿಕೊಂಡು ಜಗ್‌ಹೆಡ್ ಮಾಟಗಾತಿ ಸಬ್ರಿನಾಳ ಬಾಗಿಲಿಗೆ ಹೋಗುತ್ತಾನೆ. ಗೆಳೆಯನ ದುಃಖಕ್ಕೆ ಕರಗಿ ಅವಳು ಮಾಡಬಾರದ ಮಂತ್ರ ಮಾಡುತ್ತಾಳೆ. ಬದುಕಿ ಬಂದ ನಾಯಿ ಒಡೆಯನನ್ನೇ ಕಚ್ಚುತ್ತದೆ. ಹಾಗಾಗಿ ಊರನ್ನು ಕೆಡಿಸಿದ್ದು ದುಷ್ಟತನವಲ್ಲ, ಅಕ್ಕರೆ. ಫ್ರಾನ್ಸೆಸ್ಕೊ ಫ್ರಾಂಕವಿಲ್ಲಾ ಇದನ್ನು ಕಪ್ಪು ಮತ್ತು ಕಿತ್ತಳೆ ಬಣ್ಣಗಳ ಮಬ್ಬಿನಲ್ಲಿ ಬಿಡಿಸಿದ್ದಾರೆ. ನಾಲ್ಕನೇ ಸಂಚಿಕೆಯಲ್ಲಿ ಆರ್ಚಿಯ ಎದುರು ನಿಲ್ಲುವ ಹೆಣ ಅವನ ಅಪ್ಪನದೇ. ಬಾಲ್ಯದ ನೆನಪುಗಳ ನಡುವೆಯೇ ಅವನು ಅಪ್ಪನನ್ನು ಕೊಲ್ಲಬೇಕಾಗುತ್ತದೆ. ಎಪ್ಪತ್ತು ವರ್ಷ ನಗಿಸಿದ ಹುಡುಗನಾದ್ದರಿಂದಲೇ ಆ ಪುಟಗಳನ್ನು ಓದುವುದು ಕಷ್ಟ.